ಎಡಗೈ ಹೊಲಿಗೆ

ಕಾಕುವಿನ ಮೇಲಿನ ಸಾಲಿನ ಮುಂದಿನ ಹಲ್ಲಿನಲ್ಲಿ ಒಂದು ಸಣ್ಣ ಕಚ್ಚು ಇತ್ತು. ಜೋಳದ ಕಾಳಿನ ತುದಿಯನ್ನು ಇಲಿ ಕಡಿದು ಬಿಟ್ಟ ಹಾಗೆ. ಮೂವತ್ತೈದು ವರ್ಷ ದಾರವನ್ನು ಅದೇ ಹಲ್ಲಿನಿಂದ ಕಡಿದು ಕಡಿದು ಬಿದ್ದ ಗುರುತು ಅದು. ಕತ್ತರಿ ತೊಡೆಯ ಮಗ್ಗುಲಲ್ಲೇ ಬಿದ್ದಿರುತ್ತಿತ್ತು, ಅದನ್ನು ಮುಟ್ಟುತ್ತಿರಲಿಲ್ಲ. “ಕತ್ತರಿ ಎತ್ತಿ ಇಡೂದ್ರಾಗ ಇನ್ನೊಂದು ಗುಂಡಿ ಹಚ್ಚತೀನಿ ನಾ,” ಎನ್ನುತ್ತಿದ್ದರು.

ಮೊದಲ ಭೇಟಿಯಲ್ಲೇ ನಾನು ಆ ಹಲ್ಲನ್ನು ನೋಡಿ ನನ್ನ ಪಾಂಡಿತ್ಯ ತೋರಿಸಿದೆ. “ಕಾಕು, ಇಂಥಾ ಹಲ್ಲಿನ ಬಗ್ಗೆ ನಮ್ಮ ಪುಸ್ತಕದಾಗ ಐತ್ರಿ. ಗುರ್ತ ಸಿಗಲಾರದ ಹೆಣದ ಬಾಯಾಗ ಇಂಥಾ ಕಚ್ಚು ಇದ್ರ, ಇದು ಹೊಲಿಗಿ ಮಾಡೋರ ಹೆಣ ಅಂತ ಹೇಳಬಹುದು.” ಬೇರೆ ಯಾರಾದರೂ ಆಗಿದ್ದರೆ ಅಪಶಕುನ ಎಂದು ಎದ್ದು ಒಳಗೆ ಹೋಗುತ್ತಿದ್ದರು. ಕಾಕು ಹೊಟ್ಟೆ ಹಿಡಿದುಕೊಂಡು ನಕ್ಕರು. “ಹಂಗಾರ ಚಿಂತಿ ಇಲ್ಲ ಬಿಡವಾ. ಎಲ್ಲೇ ಸತ್ರೂ ನನ್ನ ಮನಿಗೆ ಮುಟ್ಟಸ್ತಾರ.”

ನಾನು ಆಗ ಹೊಸದಾಗಿ ಪಿ.ಎಸ್.ಐ. ಆಗಿ ಅಣ್ಣಿಗೇರಿ–ನವಲಗುಂದ ನಡುವಿನ ಒಂದು ದೊಡ್ಡ ಊರಿಗೆ ಬಂದಿದ್ದೆ. ಊರಿನ ಹೆಸರು ಬೇಡ, ಕಾರಣ ಮುಂದೆ ತಾನಾಗಿ ತಿಳಿಯುತ್ತದೆ. ನನ್ನದು ಕಲಘಟಗಿ ತಾಲೂಕಿನ ತಂಬೂರು, ಭತ್ತದ ಸೀಮೆ. ಮಳೆ ಬಿದ್ದರೆ ಚಪ್ಪಲಿ ಕಿತ್ತುಕೊಳ್ಳುವ ಈ ಎರೆಮಣ್ಣು ನನಗೆ ಹೊಸದು. ಆದರೆ ನಾನು ಅಪರಾಧಶಾಸ್ತ್ರದಲ್ಲಿ ಎಂ.ಎ. ಮಾಡಿದವಳು! ಮನುಷ್ಯ ಯಾಕೆ ಕೊಲ್ಲುತ್ತಾನೆ ಎಂಬುದಕ್ಕೆ ನನ್ನ ಹತ್ತಿರ ಏಳು ಸಿದ್ಧಾಂತಗಳಿದ್ದವು. ಕುಖ್ಯಾತ ಕೊಲೆ ಪ್ರಕರಣಗಳನ್ನು ಬರೆದಿಟ್ಟ ಎರಡು ದಪ್ಪ ನೋಟುಪುಸ್ತಕಗಳಿದ್ದವು. ಇಲ್ಲದ್ದು ಒಂದೇ, ನನ್ನದೇ ಆದ ಒಂದು ಕೊಲೆ ಪ್ರಕರಣ. ಈಗ ಹೇಳಲು ನಾಚಿಕೆಯಾಗುತ್ತದೆ, ಆಗ ಅದಕ್ಕಾಗಿ ಕಾಯುತ್ತಿದ್ದೆ.

ಟೇಲರ್ ಕಾಕಾನ ಅಂಗಡಿ ನಮ್ಮ ಠಾಣೆಯ ಎದುರಿಗೇ ಇತ್ತು. ಊರಿಗೆಲ್ಲ ಅವರು ಕಾಕಾ, ಹೀಗಾಗಿ ಅವರ ಹೆಂಡತಿ ಊರಿಗೆಲ್ಲ ಕಾಕು. ಮುಂದೆ ಕಾಕಾನ ಮಷೀನು, ಗೋಡೆಗೆ ಕನ್ನಡಿ, ಮೇಲೆ ಅವರ ಹೆಸರಿನ ಬೋರ್ಡು. ಹಿಂದೆ ಒಂದು ಪರದೆ. ಪರದೆಯ ಆಚೆ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕಾಕು. ಕಾಕಾ ಕತ್ತರಿಸಿ ಮಷೀನು ಹೊಡೆದ ಬಟ್ಟೆ ಪರದೆಯ ಕೆಳಗಿಂದ ಒಳಗೆ ಸರಿಯುತ್ತಿತ್ತು. ಕಾಜಾ, ಗುಂಡಿ, ಹುಕ್ಕು, ಅಂಚು ಮಡಚಿ ಹಾಕುವ ಕೈಹೊಲಿಗೆ ಎಲ್ಲ ಮುಗಿಸಿಕೊಂಡು ಅಲ್ಲಿಂದಲೇ ಹೊರಗೆ ಬರುತ್ತಿತ್ತು. ಗಿರಾಕಿಗಳು ಎಲ್ಲವನ್ನೂ ಕಾಕಾನೇ ಮಾಡುತ್ತಾರೆ ಅಂದುಕೊಂಡಿದ್ದರು, ಕಾಕಾನೂ ಹಾಗೆಯೇ ಅಂದುಕೊಳ್ಳಲು ಬಿಟ್ಟಿದ್ದರು.

ಅದಕ್ಕೆ ಒಂದು ಕಾರಣವಿತ್ತು. ಕಾಕು ಎಡಚಿ. ಮದುವೆಯಾಗಿ ಬಂದ ವಾರದಲ್ಲೇ ಅತ್ತೆ ಅದನ್ನು ಕಂಡು ಹಣೆ ಬಡಿದುಕೊಂಡಿದ್ದರಂತೆ. ಸಿಂಪಿಗರ ಮನೆಗೆ ಎಡಚಿ ಸೊಸೆ! ಮುತ್ತೈದೆಯ ಕುಪ್ಪಸದ ಖಣಕ್ಕೆ, ಮದುಮಗಳ ಜಂಪರಿಗೆ ಎಡಗೈ ಹೊಲಿಗೆ ಬಿದ್ದರೆ ಊರು ಸುಮ್ಮನಿರುತ್ತದೆಯೇ? ಅತ್ತೆಯೇ ಆ ಪರದೆ ಕಟ್ಟಿಸಿದರು. ಅತ್ತೆ ಹೋಗಿ ಇಪ್ಪತ್ತು ವರ್ಷವಾದರೂ ಪರದೆ ಹಾಗೆಯೇ ಇತ್ತು. ಪ್ಯಾಂಟಿನ ಅಳತೆ ಸರಿಮಾಡಿಸಲು ಹೋಗಿ, ಹಾಕಿ ನೋಡಲು ಒಳಗೆ ಹೊಕ್ಕಿದ್ದರಿಂದ ನನಗೆ ಗುಟ್ಟು ತಿಳಿಯಿತು. “ನೋಡಿದ್ರಿ? ಇನ್ನ ಎಲ್ಲಾರ ಮುಂದ ಹೇಳಿ ನಮ್ಮ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ ಮತ್ತ, ಫೌಜದಾರವ್ವಾ,” ಎಂದರು ಕಾಕು. ಈ ಕಡೆ ಪಿ.ಎಸ್.ಐ.ಗೆ ಫೌಜದಾರ ಎನ್ನುತ್ತಾರೆ, ಆ ದಿನದಿಂದ ನನಗೆ ಫೌಜದಾರವ್ವ ಎಂಬ ಹೆಸರು ಬಿತ್ತು. ಠಾಣೆಯಲ್ಲಿ ‘ಮೇಡಂ’ ಅನ್ನಿಸಿಕೊಂಡು ಬೇಸತ್ತ ಕಿವಿಗೆ ಅದು ಭಾಳ ಹಿತವಾಗಿತ್ತು.

ಮಧ್ಯಾಹ್ನ ಕೆಲಸ ಕಡಿಮೆ ಇದ್ದಾಗ ನಾನು ಅಲ್ಲಿಗೆ ಹೋಗಿ ಕೂಡುತ್ತಿದ್ದೆ. ಕಾಕುವಿಗೆ ಕೊಲೆಯ ಕಥೆಗಳೆಂದರೆ ಪ್ರಾಣ. ನಾನು ಚಹಾ ಕುಡಿಯುತ್ತ ನೋಟುಪುಸ್ತಕದ ಒಂದೊಂದೇ ಪ್ರಕರಣ ಹೇಳುತ್ತಿದ್ದೆ. ದೇಶವಿದೇಶದ ಕೊಲೆಗಡುಕರು, ಅವರ ಬಾಲ್ಯ, ಸಿಕ್ಕಿಬಿದ್ದ ಬಗೆ. ಕಾಕು ಸೂಜಿ ಆಡಿಸುತ್ತ ಹ್ಞೂಂಗುಟ್ಟುತ್ತಿದ್ದರು. ನಡುವೆ ತಟ್ಟನೆ ಒಂದು ಪ್ರಶ್ನೆ: “ಆಕಿ ಏನು ಉಟ್ಟಿದ್ಲು?”

“ಯಾರ್ರಿ ಕಾಕು?”

“ಸತ್ತಾಕಿ.”

ನನಗೆ ಗೊತ್ತಿರುತ್ತಿರಲಿಲ್ಲ. ಅವಳ ಹೆಸರೂ ಎಷ್ಟೋ ಸಲ ನೆನಪಿರುತ್ತಿರಲಿಲ್ಲ. “ಕೊಂದಾವನ ಮುತ್ಯಾನ ಹೆಸರು ಸೈತ ಹೇಳ್ತೀರಿ, ಸತ್ತಾಕಿ ಹೆಸರು ಗೊತ್ತಿಲ್ಲ. ಎಂಥಾ ಸಾಲಿ ಕಲ್ತೀರವಾ ನೀವು?” ಎಂದು ಕಾಕು ದಾರ ಕಡಿಯುತ್ತಿದ್ದರು. ಬಲಿಯಾದವರ ಬಗ್ಗೆಯೇ ಪ್ರತ್ಯೇಕ ಶಾಸ್ತ್ರವಿದೆ, ಅದರ ಮೇಲೆ ಒಂದು ಪೂರ್ತಿ ಪೇಪರ್ ಬರೆದಿದ್ದೇನೆ ಎಂದು ನಾನು ಸಿಟ್ಟಿನಿಂದ ವಾದಿಸಿದ್ದುಂಟು. “ಹೌದೇನು? ಅದರಾಗ ಒಬ್ಬಾಕಿ ಹೆಸರು ಹೇಳ್ರಿ ನೋಡೂಣು,” ಎಂದರು. ನಾನು ನೋಟುಪುಸ್ತಕ ಮುಚ್ಚಿದೆ.

ಬಟ್ಟೆಯ ವಿಷಯದಲ್ಲಿ ಅವರ ಕಣ್ಣಿಗೆ ಏನೂ ತಪ್ಪುತ್ತಿರಲಿಲ್ಲ. ಯಾರ ಜಂಪರಿನ ಹೊಲಿಗೆ ಬಿಚ್ಚಿ ಸಡಿಲು ಮಾಡಲು ಬಂತು ಎಂದರೆ ಅವರಿಗೆ ಎಷ್ಟನೇ ತಿಂಗಳು ಎಂದು ಲೆಕ್ಕ ಗೊತ್ತಾಗುತ್ತಿತ್ತು. ಯಾರದು ಬಿಗಿ ಮಾಡಲು ಬಂತೋ ಅವರ ಮನೆಗೆ ಏನೋ ನೆಪ ಮಾಡಿಕೊಂಡು ನಾಲ್ಕು ರೊಟ್ಟಿ, ಒಂದಿಷ್ಟು ಪಲ್ಯ ಹೋಗುತ್ತಿತ್ತು. ಒಂದು ದಿನ ಅವರು ಒಂದು ಜಂಪರಿನ ತೋಳನ್ನು ನನ್ನ ಕೈಗೆ ಕೊಟ್ಟು, “ಏನು ಕಾಣತೈತಿ?” ಎಂದರು.

“ಹರದೈತ್ರಿ.”

“ಹರದಿಲ್ಲ. ಮೊಳಿಗೆ ಸಿಕ್ಕು ಹರದ್ರ ಬಟ್ಟಿ ಮೂಲಿಯಾಗಿ ಹರೀತೈತಿ. ಕೈ ಹಾಕಿ ಜಗ್ಗಿದ್ರ ಹೊಲಿಗಿ ಬಿಡತೈತಿ. ಇದು ಹೊಲಿಗಿ ಬಿಟ್ಟದ್ದು. ಇದ ತೋಳು ಮೂರನೇ ಸಲ ಬಂದೈತಿ.”

ಅದು ಊರಿನ ಒಬ್ಬ ಟ್ರ್ಯಾಕ್ಟರ್ ಡ್ರೈವರನ ಹೆಂಡತಿಯ ಜಂಪರು. ಇಪ್ಪತ್ತಾರರ ಹುಡುಗಿ, ಮಕ್ಕಳಿರಲಿಲ್ಲ. ಮಧ್ಯಾಹ್ನದ ಹೊತ್ತು ಕಾಕುವಿನ ಹತ್ತಿರ ಕಾಜಾ ಹಾಕುವುದನ್ನು ಕಲಿಯಲು ಬರುತ್ತಿದ್ದಳು. ನನ್ನನ್ನು ಕಂಡರೆ ಸೆರಗು ಎಳೆದುಕೊಂಡು ಎದ್ದು ಹೋಗುತ್ತಿದ್ದಳು. ನಾನು ಡ್ರೈವರನನ್ನು ಠಾಣೆಗೆ ಕರೆಸಿ ಚೆನ್ನಾಗಿ ಬೈದು, ಇನ್ನು ಮುಂದೆ ಹೊಡೆಯುವುದಿಲ್ಲ ಎಂದು ಬರೆಸಿ ಸಹಿ ಮಾಡಿಸಿ ಕಳಿಸಿದೆ. ದೊಡ್ಡ ಕೆಲಸ ಮಾಡಿದೆ ಎಂಬ ಹೆಮ್ಮೆಯಿಂದ ಕಾಕುವಿಗೆ ಬಂದು ಹೇಳಿದೆ. ಕಾಕು ಗುಂಡಿ ಹಚ್ಚುತ್ತಲೇ ಇದ್ದರು. ಅದಾದ ಮೇಲೆ ಆ ಹುಡುಗಿಯ ತೋಳು ದುರಸ್ತಿಗೆ ಬರಲಿಲ್ಲ.

ಎರಡು ತಿಂಗಳ ಬಳಿಕ ಅವಳೇ ಕಾಣೆಯಾದಳು. ದೂರು ಕೊಟ್ಟವಳು ಅವಳ ತಾಯಿ, ಅದೇ ಊರಿನ ಇನ್ನೊಂದು ಓಣಿಯವಳು. ಹಿಂದಿನ ಸಂಜೆ ಗಂಡಹೆಂಡತಿ ಜಗಳವಾಗಿತ್ತು, ಬೆಳಗಾಗುವುದರಲ್ಲಿ ಅವಳಿರಲಿಲ್ಲ. ಒಂಬತ್ತನೆಯ ದಿನ ಕಾಲುವೆಯ ಗೇಟಿಗೆ ಒಂದು ಹೆಣ್ಣಿನ ಶವ ಸಿಕ್ಕಿಕೊಂಡಿತು. ಮುಖ ಗುರುತು ಸಿಗುವಂತಿರಲಿಲ್ಲ. ಸೀರೆಯನ್ನು ನೀರು ಎಳೆದುಕೊಂಡು ಹೋಗಿತ್ತು. ಮೈಮೇಲೆ ಉಳಿದಿದ್ದದ್ದು ನೇರಳೆ ಬಣ್ಣದ, ಜರಿ ಅಂಚಿನ ಖಣದ ಜಂಪರು. ತಲೆಯ ಹಿಂಭಾಗದಲ್ಲಿ ಪೆಟ್ಟು. ವೈದ್ಯರು ಕೊಲೆ ಎಂದರು. ವಯಸ್ಸು, ಎತ್ತರ ಎರಡೂ ಹೊಂದುತ್ತಿದ್ದವು.

ತಾಯಿ ಬಂದು ಜಂಪರನ್ನು ನೋಡಿದವಳೇ ನೆಲಕ್ಕೆ ಕುಸಿದಳು. ಅದು ತನ್ನ ಅಣ್ಣನ ಮಗನ ಮದುವೆಯಲ್ಲಿ ಕೊಟ್ಟ ಆಯೇರಿಯ ಖಣ, ಮಗಳು ಅದನ್ನು ಕಾಕಾನ ಹತ್ತಿರವೇ ಹೊಲಿಸಿದ್ದಳು ಎಂದಳು. ಆಯೇರಿ ಎಂದರೆ ಮದುವೆಯಲ್ಲಿ ನೆಂಟರಿಗೆ ಕೊಡುವ ಉಡುಗೊರೆ ಬಟ್ಟೆ. ಕಾಕಾನನ್ನು ಕರೆಸಿದೆವು. ಕಾಕಾ ಮೂಗಿಗೆ ಟವೆಲ್ ಹಿಡಿದು, ಎರಡು ಮಾರು ದೂರ ನಿಂತು ನೋಡಿದರು. ಕೊರಳು, ಎದೆಯ ಟಕ್ಕಿನ ಮಡಿಕೆ, ತೋಳಿನ ಕತ್ತರಿಕೆ. ಆ ತಾಯಿ ಅವರ ಕಾಲ ಬುಡದಲ್ಲೇ ಗೋಳಾಡುತ್ತಿದ್ದಳು. “ನಂದ ಕಟಿಂಗ್ ಐತ್ರಿ. ನಾನ ಹೊಲದದ್ದು,” ಎಂದು ಹೇಳಿಕೆಗೆ ಸಹಿ ಹಾಕಿದರು.

ಡ್ರೈವರನನ್ನು ಹಿಡಿದು ತಂದೆವು. ಆ ಸಂಜೆ ಹೊಡೆದದ್ದು ಹೌದು ಎಂದ, ಕೊಂದಿಲ್ಲ ಎಂದ. ಎಲ್ಲರೂ ಹಾಗೆಯೇ ಅನ್ನುತ್ತಾರೆ ಎಂದು ನನ್ನ ಪುಸ್ತಕಗಳಲ್ಲಿತ್ತು. ಠಾಣೆಯ ಮುಂದೆ ಊರೇ ನೆರೆದು ಅವನನ್ನು ತಮ್ಮ ಕೈಗೆ ಕೊಡಿ ಎಂದು ಕೂಗಿತು. ಹೆಸರಿಗೆ ತನಿಖೆ ಸರ್ಕಲ್ ಸಾಹೇಬರದ್ದು, ಓಡಾಟ, ಬರಹ ಎಲ್ಲ ನನ್ನದು. ಹದಿನೆಂಟು ಸಾಕ್ಷಿಗಳ ಹೇಳಿಕೆ ಬರೆದುಕೊಂಡೆ. ಸಾಹೇಬರು ಭೇಷ್ ಎಂದರು. ಪೇಪರಿನಲ್ಲಿ ಕಾಕಾನ ಹೆಸರೂ ಬಂತು, ಅದನ್ನು ಕತ್ತರಿಸಿ ಕನ್ನಡಿಗೆ ಅಂಟಿಸಿದರು. ನನಗೆ ಒಳಗೊಳಗೆ ಇನ್ನೊಂದು ಸಮಾಧಾನವಿತ್ತು. ಆ ತೋಳನ್ನು ಕೈಯಲ್ಲಿ ಹಿಡಿದೂ ಅವಳನ್ನು ಉಳಿಸಲಿಲ್ಲವಲ್ಲ, ಕೊಂದವನಿಗೆ ಶಿಕ್ಷೆಯನ್ನಾದರೂ ಕೊಡಿಸುತ್ತೇನೆ ಎಂದುಕೊಂಡಿದ್ದೆ.

ಮೂರನೆಯ ದಿನ ಬೆಳಿಗ್ಗೆ ಕಾಕು ರಸ್ತೆ ದಾಟಿ ಠಾಣೆಗೆ ಬಂದರು. ಮೂವತ್ತೈದು ವರ್ಷ ಎದುರುಗಡೆಯೇ ಇದ್ದವರು ಮೊದಲ ಸಲ ಆ ಮೆಟ್ಟಿಲು ಹತ್ತಿದ್ದು. ಸೆರಗು ತಲೆಯ ಮೇಲೆ, ಕೈಯಲ್ಲಿ ಒಂದು ಬಟ್ಟೆಯ ಗಂಟು.

“ಆ ಜಂಪರ ತೋರಸ್ರಿ,” ಎಂದರು.

“ಅದು ಸೀಲ್ ಆಗಿ ಲ್ಯಾಬಿಗೆ ಹೋಗೇತ್ರಿ ಕಾಕು. ಫೋಟೋ ಅದಾವು, ಅವು ನೀವು ನೋಡೂವಂಥಾವಲ್ಲ.”

“ತೋರಸ್ರಿ.”

ಮೊಬೈಲಿನಲ್ಲಿ ಬರೀ ಜಂಪರಿನ ಫೋಟೋಗಳನ್ನು ತೆಗೆದು ತೋರಿಸಿದೆ. ಕಾಕು ಮುಂಭಾಗ ನೋಡಿದರು, ಹಿಂಭಾಗ ನೋಡಿದರು. “ಒಳಮೈ ಇಲ್ಲೇನು?” ಎಂದರು. ಟೇಲರನ ಗುರುತಿನ ಚೀಟಿ ಏನಾದರೂ ಇದೆಯೇ ಎಂದು ತಿರುವಿ ತೆಗೆಸಿದ ಒಂದು ಫೋಟೋ ಇತ್ತು. ಅದನ್ನು ಬೆರಳಿನಿಂದ ದೊಡ್ಡದು ಮಾಡಿ, ಅಂಚಿನ ಕೈಹೊಲಿಗೆ ಕಾಣುವಂತೆ ಹಿಡಿದೆ. ಕಾಕು ಕಣ್ಣು ಕಿರಿದು ಮಾಡಿ ಭಾಳ ಹೊತ್ತು ನೋಡಿದರು.

“ಇದು ನನ್ನ ಕೈ ಅಲ್ಲ,” ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಸುಳ್ಳೇಕೆ ಹೇಳಲಿ, ಆ ಕ್ಷಣ ಅವರ ಮೇಲೆ ನನಗೆ ಪ್ರೀತಿಯೂ ಇರಲಿಲ್ಲ, ಗೌರವವೂ ಇರಲಿಲ್ಲ. “ಕಾಕು, ಕಾಕಾ ಸಹಿ ಮಾಡ್ಯಾರ. ಹೆತ್ತ ತಾಯಿ ಗುರ್ತ ಹಿಡದಾಳ. ಆ ಖಣ ಆಯೇರಿದು. ನೀವು ಸುಮ್ಮನ ಮನಿಗೆ ಹೋಗ್ರಿ.”

“ಖಣ ನೇಯ್ದಾವ ನಮ್ಮೂರಿಗಷ್ಟ ನೇಯ್ದಾನೇನು?” ಎಂದರು ಕಾಕು. ಆಮೇಲೆ ಗಂಟು ಬಿಚ್ಚಿದರು. ಒಳಗೆ ಏಳು ಜಂಪರುಗಳು. ಏಳೂ ನೇರಳೆ, ಏಳಕ್ಕೂ ಅದೇ ಜರಿ ಅಂಚು. ಆ ಮದುವೆಯ ಆಯೇರಿಯಲ್ಲಿ ಆ ಖಣ ಸಿಕ್ಕ ಹೆಂಗಸರ ಮನೆಮನೆಗೆ ಹೋಗಿ ಬೇಡಿ ತಂದಿದ್ದರು. ಒಂದೊಂದನ್ನೇ ಒಳಮೈ ಹೊರಗೆ ಮಾಡಿ ಠಾಣೆಯ ಬೆಂಚಿನ ಮೇಲೆ ಸಾಲಾಗಿ ಹಾಸಿದರು. ಹವಾಲ್ದಾರರು, “ಏನು ಕಾಕು, ಠಾಣೇದಾಗ ಸಂತಿ ಹಚ್ಚೀರೇನು?” ಎಂದು ನಕ್ಕರು. ಇನ್ನಿಬ್ಬರು ಅವರ ಜೊತೆ ನಕ್ಕರು.

“ಇಲ್ಲಿ ನೋಡ್ರಿ, ಫೌಜದಾರವ್ವಾ. ಎಲ್ಲಾರೂ ಬಲಗೈಲೆ ಹೊಲೀತಾರ. ಅವರ ಹೊಲಿಗಿ ಒಂದು ಕಡಿ ವಾಲತೈತಿ. ನಾ ಎಡಗೈಲೆ ಹೊಲಿಯೂವಾಕಿ. ನಂದು ಈ ಕಡಿ ವಾಲತೈತಿ. ಏಳೂ ನೋಡ್ರಿ.”

ನೋಡಿದೆ. ಏಳು ಜಂಪರುಗಳ ಅಂಚಿನಲ್ಲೂ ಸಣ್ಣ ಸಣ್ಣ ಹೊಲಿಗೆಗಳು ಒಂದೇ ಕಡೆಗೆ ವಾಲಿದ್ದವು, ಗಾಳಿಗೆ ಬಾಗಿದ ಜೋಳದ ದಂಟಿನ ಹಾಗೆ. ಮೊಬೈಲ್ ನೋಡಿದೆ. ಅಲ್ಲಿ ಗಾಳಿ ಇನ್ನೊಂದು ಕಡೆಯಿಂದ ಬೀಸಿತ್ತು. ಹವಾಲ್ದಾರರ ನಗು ನಿಂತಿತು.

ಅಷ್ಟರಲ್ಲಿ ಯಾರೋ ಹೋಗಿ ಹೇಳಿದರೆಂದು ತೋರುತ್ತದೆ, ಕಾಕಾ ಓಡಿಬಂದರು. ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು. ಬೆಂಚಿನ ಮೇಲಿನ ಜಂಪರುಗಳನ್ನು ಕಂಡು ಅವರಿಗೆ ಎಲ್ಲ ತಿಳಿಯಿತು. “ಏನು ಮಾಡಿದಿಬೇ ನೀ? ಊರಾಗ ನನ್ನ ಮಾನಾ ತಗದಿ! ನಾಳಿ ಮದುವಿ ಅರಿವಿ ಯಾರು ಕೊಡತಾರ ನಮಗ?”

ಕಾಕು ತಲೆಯ ಸೆರಗು ಸರಿಮಾಡಿಕೊಂಡರು. “ಹೊಲಿಗಿ ಬಿಚ್ಚಿದ್ರ ಮತ್ತ ಹಾಕಬಹುದು. ಅವನ್ನ ಗಲ್ಲಿಗೆ ಹಾಕಿದ್ರ ಏನು ಬಿಚ್ಚತೀರಿ?” ಎಂದರು. ಗಂಡನಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ನಾನು ಕೊನೆಯ ಬಾರಿ ಹಟ ಹಿಡಿದೆ. “ಕಾಕು, ಅಂವ ಆಕಿನ್ನ ಹೊಡೀತಿದ್ದ. ಮೂರು ಸಲ ಆ ತೋಳು ಹೊಲದು ಕೊಟ್ಟಾಕಿ ನೀವ. ಅಂಥಾವನ ಪರ ಮಾತಾಡ್ತೀರೇನು?”

“ಅವನ ಪರ ಯಾಕ ಮಾತಾಡ್ಲಿ, ಅವನ ಬಾಯಾಗ ಮಣ್ಣು ಹಾಕ! ಹೊಡದಾನ, ಹೊಡದಾನ ಅಂತ ಬರೀರಿ. ಕೊಂದಾನ ಅಂತ ಬರೀಬ್ಯಾಡ್ರಿ.” ಆಮೇಲೆ ಮೊಬೈಲಿನ ಕಡೆ ಬೆರಳು ತೋರಿಸಿ ಮೆಲ್ಲಗೆ ಹೇಳಿದರು. “ಈಕಿ ಯಾರು ಅಂತ ಹುಡುಕ್ರಿ. ಈಕಿಗೂ ಒಬ್ಬಾಕಿ ತಾಯಿ ಇರತಾಳ. ಈಕಿ ತಾಯಿ ಅಳೂದನ್ನ ಬ್ಯಾರೆ ಯಾರೋ ಅಳಾಕತ್ತಾರ.”

ಸರ್ಕಲ್ ಸಾಹೇಬರ ಮುಂದೆ ಹೋಗಿ ನಿಂತು ಇದನ್ನೆಲ್ಲ ಹೇಳುವಾಗ ನನ್ನ ಮೋರೆ ಹೇಗಿತ್ತೋ ದೇವರಿಗೇ ಗೊತ್ತು. ಅವರು ಬೈದರು, ಆದರೆ ಕೇಳಿದರು. ಕೈಹೊಲಿಗೆಯ ಫೋಟೋ ಸಮೇತ ಸುತ್ತಲಿನ ಜಿಲ್ಲೆಗಳ ಠಾಣೆಗಳಿಗೆಲ್ಲ ಕಳಿಸಿದೆವು. ಹನ್ನೆರಡು ದಿನಕ್ಕೆ ಪಕ್ಕದ ಜಿಲ್ಲೆಯಿಂದ ಉತ್ತರ ಬಂತು. ಅಲ್ಲಿ ಕಾಣೆಯಾದ ಒಬ್ಬ ಹೆಂಗಸಿನ ತಂಗಿ ಆ ಹೊಲಿಗೆ ತನ್ನದೇ ಎಂದಳು. ಅದೇ ಬಣ್ಣದ ಖಣವನ್ನು ಅಕ್ಕನಿಗೆ ತಾನೇ ಮನೆಯಲ್ಲಿ ಹೊಲಿದು ಕೊಟ್ಟಿದ್ದಳಂತೆ. ತಿಂಗಳುಗಟ್ಟಲೆ ತಡವಾಗಿ ಬಂದ ಡಿ.ಎನ್.ಎ. ವರದಿಯೂ ಅದನ್ನೇ ಹೇಳಿತು. ಕೊಂದವನು ಸತ್ತವಳ ಮೈದುನ. ಅವನನ್ನು ಅಲ್ಲಿಯ ಪೊಲೀಸರು ಹಿಡಿದರು. ನಮ್ಮ ಡ್ರೈವರ್ ಹೊರಗೆ ಬಂದ.

ಸುದ್ದಿ ಹೇಳಲು ಪರದೆ ಸರಿಸಿ ಒಳಗೆ ಹೋದೆ. ಕಾಕು ಮೊದಲು ಕೇಳಿದ್ದು ಕೊಂದವನ ಬಗ್ಗೆ ಅಲ್ಲ. “ಆಕಿ ಹೆಸರೇನು?” ಎಂದರು. ಹೇಳಿದೆ. ಆ ಹೆಸರನ್ನು ಎರಡು ಸಲ ತಮ್ಮಷ್ಟಕ್ಕೆ ಅಂದುಕೊಂಡು, ಸೂಜಿ ಕೆಳಗಿಟ್ಟು ಕೈಮುಗಿದರು.

ಇನ್ನು ಕಾಕಾ ಹೆದರಿದ ಮಾನದ ಮಾತು. ಎಡಗೈ ಹೊಲಿಗೆಯ ಸುದ್ದಿ ಊರೆಲ್ಲ ಹಬ್ಬಿತು. ಎರಡು ಮದುವೆಯವರು ಬಟ್ಟೆ ವಾಪಸು ತೆಗೆದುಕೊಂಡು ಹೋದರು. ಕಾಕಾ ನಾಲ್ಕು ದಿನ ಮಷೀನು ತುಳಿಯಲಿಲ್ಲ, ಕಾಕುವಿನ ಜೊತೆ ಮಾತೂ ಬಿಟ್ಟರು. ಐದನೆಯ ದಿನ ಊರಿನ ಹಿರಿಯ ಮುತ್ತೈದೆ ಒಬ್ಬಳು, ಎಂಬತ್ತು ದಾಟಿದ ಮುದುಕಿ, ಖಣ ಹಿಡಿದುಕೊಂಡು ಅಂಗಡಿಗೆ ಬಂದು ಬೀದಿಗೆಲ್ಲ ಕೇಳುವಂತೆ ಹೇಳಿದಳು: “ಮೂವತ್ತು ವರ್ಷ ಆಕೀ ಎಡಗೈ ಜಂಪರ ತೊಟ್ಟೀನಿ. ನನ್ನ ಗಂಡ ಇನ್ನೂ ಗುಂಡಕಲ್ಲಿನಂಗ ಅದಾನ, ದಿನಾ ನನ್ನ ಬೈತಾನ. ಇದಕ್ಕಿಂತ ಶಕುನ ಏನು ಬೇಕ್ರಲೇ ನಿಮಗ?” ಅಂಗಡಿಯ ಮುಂದಿದ್ದವರೆಲ್ಲ ನಕ್ಕರು. ಅದೇ ದಿನ ಕಾಕಾ ಆ ಪರದೆಯನ್ನು ಬಿಚ್ಚಿ, ಕತ್ತರಿಸಿ, ಕೈ ಒರೆಸುವ ಅರಿವೆ ಮಾಡಿದರು. ಕಾಕುವಿನ ಚಾಪೆ ಮುಂದೆ ಬಂತು.

ಡ್ರೈವರನ ಹೆಂಡತಿ ಮಾತ್ರ ಕಾಣೆಯಾದವರ ಪಟ್ಟಿಯಲ್ಲೇ ಉಳಿದಳು. ಒಂದು ವಿಚಿತ್ರ ನಾನು ಗಮನಿಸಿದ್ದೆ. ಜಂಪರುಗಳನ್ನು ಠಾಣೆಗೆ ತಂದ ದಿನವೇ ಕಾಕು ಅವಳ ತಾಯಿಯ ಮನೆಗೆ ಹೋಗಿ ಒಂದು ತಾಸು ಕೂತು ಬಂದಿದ್ದರು. ಅಂದಿನಿಂದ ಆ ತಾಯಿ ಅಳುವುದನ್ನು ನಿಲ್ಲಿಸಿದ್ದಳು. ಮಗಳು ಬದುಕಿರಬಹುದೆಂಬ ಆಸೆ ಎಂದು ನಾನು ತಿಳಿದೆ. ಆಸೆ ಹುಟ್ಟಿದ ತಾಯಿ ದಿನಾ ಠಾಣೆಗೆ ಬಂದು ನಮ್ಮ ಜೀವ ತಿನ್ನಬೇಕಲ್ಲ, ಇವಳು ಒಮ್ಮೆಯೂ ಬರಲಿಲ್ಲ. ಇಷ್ಟು ಕಣ್ಣಿಗೆ ಕಂಡರೂ ನನ್ನ ತಲೆಗೆ ಹೊಳೆಯಲಿಲ್ಲ.

ಎಂಟು ತಿಂಗಳ ಮೇಲೆ ನನಗೆ ಕುಂದಗೋಳ ಕಡೆಗೆ ವರ್ಗವಾಯಿತು. ಹೇಳಿ ಹೋಗಲು ಬಂದಾಗ ಕಾಕು ಕಾಕಾನನ್ನು ಚಹಾಪುಡಿ ತರಲು ಕಳಿಸಿ, ನನ್ನ ಕೈ ಹಿಡಿದುಕೊಂಡರು. “ಆಕಿ ಆರಾಮ ಅದಾಳ. ದೂರದ ಊರಾಗ ಬಟ್ಟಿ ಫ್ಯಾಕ್ಟರಿಯೊಳಗ ಕಾಜಾ ಹಾಕತಾಳ. ನಾನ ಆಕಿನ್ನ ಮುಂಜಾನಿ ಬಸ್ಸಿಗೆ ಹತ್ತಿಸಿದ್ದು.”

ನಾನು ಚೀರಿದೆ ಎಂದೇ ಹೇಳಬೇಕು. “ಕಾಕು! ಆ ಮನುಷ್ಯಾ ಜೇಲಿನಾಗ ಇದ್ದ! ಅವತ್ತ ಒಂದು ಮಾತು ಹೇಳಿದ್ರ ಮುಗೀತಿತ್ತಲ್ಲ! ನನ್ನ ಮುಂದ ಯಾಕ ಮುಚ್ಚಿಟ್ರಿ?”

“ಮುಚ್ಚಿಡಲಿಲ್ಲವಾ. ಹದಿನೆಂಟು ಮಂದೀನ ಕೇಳಿದ್ರಿ. ಬೋರ್ಡಿನ ಮ್ಯಾಲ ಹೆಸರು ಇದ್ದಾವರನ್ನ ಕೇಳಿದ್ರಿ. ದಿನಾ ಮಧ್ಯಾಹ್ನ ಆಕಿ ಬಾಜು ಕುಂದರ್ತಿದ್ದಾಕಿ ನಾನು. ನನ್ನ ಕೇಳಲೇ ಇಲ್ಲ ನೀವು.”

ಹೌದು. ಕೊನೆಯದಾಗಿ ಅವಳನ್ನು ಯಾವಾಗ ನೋಡಿದಿರಿ ಎಂಬ, ತರಬೇತಿಯ ಮೊದಲ ವಾರದಲ್ಲಿ ಕಲಿಸುವ ಪ್ರಶ್ನೆಯನ್ನು ನಾನು ಆ ಊರಿನಲ್ಲಿ ಒಬ್ಬರಿಗೆ ಮಾತ್ರ ಕೇಳಿರಲಿಲ್ಲ. ಯಾರ ಚಹಾವನ್ನು ದಿನಾ ಕುಡಿಯುತ್ತಿದ್ದೆನೋ ಅವರಿಗೆ.

“ಕೇಳಿದ್ರ ಹೇಳತಿದ್ರೇನು?” ಎಂದೆ.

ಕಾಕು ನನ್ನ ಕೈ ಬಿಟ್ಟರು. “ಗೊತ್ತಿಲ್ಲವಾ. ಆಕಿ ತೋಳಿಂದು ಒಮ್ಮೆ ನಿಮಗ ಹೇಳಿದ್ದೆ. ನೀವು ಸಹಿ ಮಾಡಿಸಿ ಕಳಿಸಿದ್ರಿ. ಆ ರಾತ್ರಿ ಅಂವ ಆಕಿ ಬೆನ್ನು ಒಡದ. ತೋಳು ಜಗ್ಗಲಿಲ್ಲ, ತೋಳು ಹೊರಗ ಕಾಣತೈತಿ ಅಂತ. ಆಕಿ ಹೂಂ ಅನ್ನೂತನಕ ಯಾರಿಗೂ ಹೇಳೂದಿಲ್ಲ ಅಂತ ಆಕಿಗೆ ಮಾತು ಕೊಟ್ಟಿದ್ದೆ. ಆಕಿ ಬದುಕ್ಯಾಳ ಅಂತ ನಾ ಅಂದಿದ್ರ, ನೀವು ಆಕಿನ್ನ ಕರಕೊಂಡು ಬಂದು ಊರ ಮುಂದ ನಿಂದರಸ್ತಿದ್ರಿ. ಅಂವ ಬಿಡುಗಡಿ ಆಗತಿದ್ದ, ಆಕಿ ಸಿಗಬೀಳತಿದ್ಲು. ಮೂರು ದಿನಾ ಅನ್ನ ಸೇರಲಿಲ್ಲ ನನಗ. ಆ ತಾಯಿ ಅಳೂದು ಇಲ್ಲಿತನಕ ಕೇಳತಿತ್ತು. ಮಾತೂ ಮುರೀಬಾರದು, ಜೀವಾನೂ ಹೋಗಬಾರದು. ಕಡೀಕ ಆ ಜಂಪರ ಒಂದ ಸಲ ನೋಡೂಣು ಅನಿಸ್ತು. ಅದು ಆಕಿ ಜಂಪರ ಅಲ್ಲ ಅಂತ ನನಗ ಗೊತ್ತಿತ್ತಲ್ಲ. ಆಕಿ ಅದನ್ನ ತೊಟ್ಟ ಬಸ್ ಹತ್ತಿದ್ಲು.”

ನಾನು ಅತ್ತೆ. ಯೂನಿಫಾರ್ಮಿನಲ್ಲಿ ಅಳಬಾರದು ಎಂಬ ನಿಯಮ ಎಲ್ಲೂ ಬರೆದಿಲ್ಲ, ಆದರೂ ಅದೊಂದೇ ಸಲ ಅತ್ತದ್ದು. ಚಾರ್ಜ್ ಬಿಟ್ಟುಕೊಡುವ ಮೊದಲು ಆ ವಾರವೇ ಸಾದಾ ಉಡುಪಿನಲ್ಲಿ ಹೋಗಿ ಆ ಹುಡುಗಿಯನ್ನು ಕಂಡು, ತಾನು ಸ್ವಂತ ಇಚ್ಛೆಯಿಂದ ಮನೆ ಬಿಟ್ಟೆ ಎಂಬ ಹೇಳಿಕೆ ಪಡೆದು, ಎಲ್ಲಿದ್ದಾಳೆಂಬುದು ಗಂಡನ ಕಿವಿಗೆ ಬೀಳದಂತೆ ನೋಡಿಕೊಂಡು ಕಡತ ಮುಚ್ಚಿದೆ. ಹೊಡೆದದ್ದಕ್ಕೆ ಅವನ ಮೇಲೆ ಬೇರೆ ಕೇಸು ಹಾಕಿದೆ. ಕಾಕು ಹೇಳಿದ್ದರಲ್ಲ, ಹೊಡದಾನ ಅಂತ ಬರೀರಿ ಎಂದು.

ಅಂದಿನಿಂದ ಯಾವ ಸಾವಿನ ಮನೆಗೆ ಹೋದರೂ ಮುಂದಿನ ಕುರ್ಚಿಯಲ್ಲಿ ಕೂತು ಮಾತಾಡುವವರನ್ನು ಆಮೇಲೆ ಕೇಳುತ್ತೇನೆ. ಮೊದಲು ಹಿತ್ತಲಿಗೆ, ಅಡುಗೆಮನೆಗೆ, ಕಸಬರಿಗೆ ಹಿಡಿದವರ ಹತ್ತಿರ ಹೋಗುತ್ತೇನೆ. ಸಂಶಿಯ ಕಡೆ ಒಂದು ಪ್ರಕರಣ ಹೀಗೆಯೇ ಬಗೆಹರಿದಾಗ ಸಾಹೇಬರು, ಇದನ್ನು ಯಾವ ಪುಸ್ತಕದಲ್ಲಿ ಓದಿದಿರಿ ಎಂದರು. ಪುಸ್ತಕ ಅಲ್ಲ ಸರ್, ನಮ್ಮ ಕಾಕು ಎಂದೆ. ನನ್ನ ನೋಟುಪುಸ್ತಕಗಳಲ್ಲಿ ಈಗ ಪ್ರತಿ ಪ್ರಕರಣದ ತಲೆಗೆ ಸತ್ತವರ ಹೆಸರಿದೆ.

ಕಳೆದ ಶ್ರಾವಣದಲ್ಲಿ ಕಾಕಾನ ಫೋನ್ ಬಂತು. ಬೆಳಿಗ್ಗೆ ಗುಂಡಿ ಹಚ್ಚುತ್ತ ಕೂತವರು ಹಾಗೆಯೇ ಗೋಡೆಗೆ ಒರಗಿದರಂತೆ. ನಾನು ಹೋಗುವಷ್ಟರಲ್ಲಿ ಹೆಂಗಸರು ಸ್ನಾನ ಮಾಡಿಸಿ ಹಸಿರು ಸೀರೆ ಉಡಿಸುತ್ತಿದ್ದರು. ಬಾಯಿ ತುಸು ತೆರೆದಿತ್ತು, ಹಲ್ಲಿನ ಕಚ್ಚು ಕಾಣುತ್ತಿತ್ತು. ಇಂಥ ಹೊತ್ತಿಗೆ ಯಾರೂ ಜಂಪರು ಹೊಲಿಯುತ್ತ ಕೂಡುವುದಿಲ್ಲ, ಖಣವನ್ನು ಹಾಗೆಯೇ ಎದೆಗೆ ಹಾಸಿ ಕಳಿಸುತ್ತಾರೆ. ಕಾಕಾ ಒಪ್ಪಲಿಲ್ಲ. “ಸಿಂಪಿಗ್ಯಾನ ಹೆಂಡ್ತಿ ಹೊಲೀಲಾರದ ಖಣ ಹಾಕ್ಕೊಂಡು ಹೋಗಬಾರದು,” ಎಂದು ಮಷೀನಿಗೆ ಕೂತರು. ಅಳತೆ ತೆಗೆಯಲಿಲ್ಲ, ಅದು ಅವರ ಕೈಗೆ ಗೊತ್ತಿತ್ತು. ಮಷೀನಿನ ಕೆಲಸ ಮುಗಿಸಿ, ಅಂಚು ಮಡಚಿ, ಅಭ್ಯಾಸದಂತೆ ಪಕ್ಕದ ಚಾಪೆಯ ಕಡೆ ಬಟ್ಟೆ ಚಾಚಿದರು. ಚಾಪೆ ಖಾಲಿ ಇತ್ತು.

ನಾನು ಹೋಗಿ ಆ ಚಾಪೆಯ ಮೇಲೆ ಕೂತೆ. ಬಾಗಿಲ ಹತ್ತಿರ ಮುಖಕ್ಕೆ ಮಾಸ್ಕ್ ಹಾಕಿಕೊಂಡು ನಿಂತಿದ್ದ ಒಬ್ಬಳು ಬಂದು ನನ್ನ ಪಕ್ಕ ಕೂತಳು. ಮೈಮೇಲೆ ನೇರಳೆ ಖಣದ ಜಂಪರಿತ್ತು. ಒಂದು ತೋಳು ಅವಳು, ಒಂದು ತೋಳು ನಾನು ಹೊಲಿದೆವು. ಕತ್ತರಿ ಮಗ್ಗುಲಲ್ಲೇ ಇತ್ತು, ಇಬ್ಬರೂ ದಾರವನ್ನು ಹಲ್ಲಿನಿಂದ ಕಡಿದೆವು.

ಕಾಕಾ ಜಂಪರನ್ನು ತೆಗೆದುಕೊಂಡರು. ಮೂಗಿಗೆ ಏನೂ ಹಿಡಿಯದೆ, ಕಣ್ಣಿನ ಹತ್ತಿರ ತಂದು, ಒಳಮೈ ಹೊರಗೆ ಮಾಡಿ, ಅಂಚಿನ ಉದ್ದಕ್ಕೂ ಬೆರಳಾಡಿಸಿದರು.

“ಇದು ಆಕಿ ಕೈ ಅಲ್ಲ,” ಎಂದು ಬಿಕ್ಕಿದರು.

“ಹೌದ್ರಿ ಕಾಕಾ,” ಎಂದೆ. ಈ ಸಲ ಅವರು ಸರಿಯಾಗಿ ನೋಡಿದ್ದರು.